ಶಾಲೆಗೆ ವಿದೇಶಿ ಭಾಷೆ ತರುವ ಮುನ್ನ ಪೀರಿಯಡ್ ಲೆಕ್ಕ ಹಾಕಿ

ಫ್ರೆಂಚ್ ಕಲಿಸೋಣವೋ ಜಪಾನಿಯೋ ಎಂಬ ಚರ್ಚೆ ಆಮೇಲೆ ಇರಲಿ. ಮೊದಲು ವೇಳಾಪಟ್ಟಿಯಲ್ಲಿ ಎಷ್ಟು ಜಾಗವಿದೆ ನೋಡಿ.

ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಭಾಷಾ ಕಲಿಕೆಗೆ ಎ1ರಿಂದ ಸಿ2ರವರೆಗೆ ಆರು ಹಂತಗಳಿವೆ. ಇಂಗ್ಲಿಷ್ ಕಲಿಯುವವರು ಎ2 (ಎರಡನೇ ಹಂತ, ದಿನನಿತ್ಯದ ಸರಳ ಮಾತು) ಮುಟ್ಟಲು 180-200 ಗಂಟೆ, ಅದರ ಮುಂದಿನ ಬಿ1 ಮುಟ್ಟಲು ಮೊದಲಿನಿಂದ ಒಟ್ಟು 350-400 ಗಂಟೆ ಪಾಠ ಬೇಕೆಂದು ಕೇಂಬ್ರಿಜ್ ಪರೀಕ್ಷಾ ವಿಭಾಗದ ಅಂದಾಜು. ವಾರಕ್ಕೆ 40 ನಿಮಿಷದ 4 ಪೀರಿಯಡ್, ವರ್ಷಕ್ಕೆ 35 ವಾರ ಎಂದರೆ ಸುಮಾರು 93 ಗಂಟೆ. ಎರಡು ವರ್ಷಕ್ಕೆ ಎ2 ಕೈಗೆಟುಕುತ್ತದೆ. ವಾರಕ್ಕೆ ಒಂದೇ ಪೀರಿಯಡ್ ಕೊಟ್ಟರೆ ಅಷ್ಟಕ್ಕೇ ಎಂಟು ವರ್ಷ ಹಿಡಿಯುತ್ತದೆ, ನಡುವೆ ಕಲಿತದ್ದೂ ಮರೆತುಹೋಗುತ್ತದೆ. ಅಂಥ ತರಗತಿ ತೆರೆಯದಿರುವುದೇ ಮೇಲು. ಲಿಪಿಯೂ ವ್ಯಾಕರಣವೂ ಪೂರ್ತಿ ಬೇರೆಯಾದರೆ ಸಮಯ ಇನ್ನೂ ಹೆಚ್ಚು: ಇಂಗ್ಲಿಷ್ ಮಾತಿನವರಿಗೆ ಜಪಾನಿ ಕಲಿಸಲು ಅಮೆರಿಕದ ರಾಜತಾಂತ್ರಿಕರ ತರಬೇತಿ ಸಂಸ್ಥೆ 2200 ಗಂಟೆ ಇಡುತ್ತದೆ, ಇಟಾಲಿಯನ್‌ಗೆ ಅದರ ಮೂರನೇ ಒಂದು ಭಾಗದ ಆಸುಪಾಸು ಸಾಕು.

ಈ ಪೀರಿಯಡ್‌ಗಳನ್ನು ಮನೆಮಾತಿನ ಪಾಠದಿಂದ ಕಿತ್ತುಕೊಳ್ಳಬೇಡಿ. ಓದುವುದು, ಸಾರಾಂಶ ಹಿಡಿಯುವುದು, ವಾದ ಕಟ್ಟುವುದು ಮಗುವಿಗೆ ಒಂದು ಭಾಷೆಯಲ್ಲಿ ಗಟ್ಟಿಯಾದರೆ ಇನ್ನೊಂದಕ್ಕೂ ದಾಟುತ್ತವೆ. ಬುಡ ಸಡಿಲವಾದರೆ ಎರಡೂ ಸೊರಗುತ್ತವೆ. ಎಳೆಯ ವಯಸ್ಸಿನಲ್ಲೇ ಶುರುಮಾಡಬೇಕೆಂಬ ಅವಸರವೂ ಬೇಡ. ವಾರಕ್ಕೆ ಕೆಲವೇ ಗಂಟೆ ಸಿಗುವ ಕಡೆ ಹತ್ತು-ಹನ್ನೆರಡರ ಮಕ್ಕಳೇ ಪುಟಾಣಿಗಳಿಗಿಂತ ಬೇಗ ಕಲಿಯುತ್ತಾರೆ.

ಅನ್ಯಾಯ ನುಸುಳುವುದು ಹೆಚ್ಚಾಗಿ ಪರೀಕ್ಷೆಯಲ್ಲಿ. ತರಗತಿಯಲ್ಲಿ ಕಲಿಸದ್ದನ್ನು ಕೇಳಿದರೆ ಟ್ಯೂಷನ್‌ಗೆ ದುಡ್ಡಿದ್ದವರ ಮಕ್ಕಳು ಗೆಲ್ಲುತ್ತಾರೆ. ಆ ಭಾಷೆ ಮನೆಯಲ್ಲೇ ಆಡುವ ಮಕ್ಕಳನ್ನೂ ಹೊಸಬರನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದೂ ತಪ್ಪು. ಮೊದಲ ವಾರವೇ ಸಣ್ಣ ಪರೀಕ್ಷೆ ಮಾಡಿ ಬೇರೆ ಗುಂಪು ಮಾಡಿ. ಭಾಷೆಯ ಆಯ್ಕೆಯನ್ನು ಅಂಕದ ಮೇಲೆ ಹಂಚಬೇಡಿ. ಸೀಟು ಕಡಿಮೆಯಿದ್ದರೆ ಚೀಟಿ ಎತ್ತಿ.

ಬರೀ ಬರವಣಿಗೆಗೆ ಅಂಕವಿದ್ದರೆ ಮಕ್ಕಳು ಉರುಹೊಡೆಯುತ್ತಾರೆ, ಬಾಯಿ ಬಿಡುವುದಿಲ್ಲ. ಮಾತಿನ ಪರೀಕ್ಷೆ ಜೋಡಿಯಾಗಿ ನಡೆಸಿ: ಒಬ್ಬರಿಗೆ ಅರ್ಧ ತುಂಬಿದ ರೈಲು ವೇಳಾಪಟ್ಟಿ, ಇನ್ನೊಬ್ಬರಿಗೆ ಉಳಿದರ್ಧ. ಪರಸ್ಪರ ಕೇಳಿ ಖಾಲಿ ಜಾಗ ತುಂಬಬೇಕು. ಜೋಡಿಗೆ 6 ನಿಮಿಷದಂತೆ 40 ಮಕ್ಕಳಿಗೆ 3 ಪೀರಿಯಡ್ ಸಾಕು. ಅರ್ಥವಾಗುವಂತೆ ಕೇಳಿದ್ದಕ್ಕೆ, ಸರಿಯಾಗಿ ತುಂಬಿದ್ದಕ್ಕೆ ಹೆಚ್ಚು ಅಂಕ ಕೊಡಿ, ಉಚ್ಚಾರಣೆಗೆ ಕಡಿಮೆ. ಅಂಕ ಕೊಡುವ ಮಾನದಂಡವನ್ನು ವರ್ಷದ ಆರಂಭದಲ್ಲೇ ಮಕ್ಕಳ ಕೈಗೆ ಕೊಟ್ಟಿರಿ.