ಸಾಂಧಣ ಕಣಿವೆಗೆ ಸ್ಯಾಕ್ ತುಂಬುವ ಕ್ರಮ

ಪುಣೆಯಿಂದ ಶುಕ್ರವಾರ ರಾತ್ರಿ ಸಾಂಧಣ ಕಣಿವೆಗೆ ಹೊರಡುವ ನಮ್ಮವರಲ್ಲಿ ಅನೇಕರು ಕೋಟೆ ಹತ್ತಲು ಕಟ್ಟಿದ ಸ್ಯಾಕನ್ನೇ ಬೆನ್ನಿಗೇರಿಸಿಕೊಂಡು ಬರುತ್ತಾರೆ. ಮಹಾರಾಷ್ಟ್ರದ ಭಂಡಾರದರಾ ಸಮೀಪದ ಸಾಮ್ರದ್ ಗ್ರಾಮದ ಬಳಿ ಶುರುವಾಗುವ ಈ ಕಣಿವೆಯಲ್ಲಿ, ಎರಡು ಕಪ್ಪುಶಿಲೆಯ ಗೋಡೆಗಳ ನಡುವೆ ಬಂಡೆಯಿಂದ ಬಂಡೆಗೆ ಇಳಿಯಬೇಕು, ತಣ್ಣೀರಿನ ಹೊಂಡಗಳನ್ನು ದಾಟಬೇಕು, ಪೂರ್ತಿ ಇಳಿಯುವವರು ಹಗ್ಗವನ್ನೂ ಹಿಡಿಯಬೇಕು. ಮಳೆಗಾಲದಲ್ಲಿ ಒಳಗೆ ಕಾಲಿಡಲೇಬಾರದು. ಇಲ್ಲಿ ಹೇಳುವುದೆಲ್ಲ ಚಳಿಗಾಲ ಮತ್ತು ಬೇಸಿಗೆಗೆ.

ಮೊದಲು ಸ್ಯಾಕ್. ಸೊಂಟದ ಪಟ್ಟಿಯುಳ್ಳ 40–45 ಲೀಟರಿನದು ಸಾಕು. ಒದ್ದೆಯಾದರೆ ಜೀನ್ಸ್ ಭಾರವಾಗುತ್ತದೆ, ಬೇಗ ಒಣಗುವುದೂ ಇಲ್ಲ; ಮನೆಯಲ್ಲೇ ಬಿಡಿ.

ಎರಡನೆಯ ಹಂತ ಸಾಮಾನನ್ನು ನೀರಿನಿಂದ ಕಾಪಾಡುವುದು; ಎಲ್ಲರೂ ಎಡವುವ ಜಾಗ ಇದೇ. ಸ್ಯಾಕಿಗೆ ಹೊರಗಿನಿಂದ ಹೊದಿಸುವ ರೇನ್ ಕವರ್ ಮೇಲಿಂದ ಬೀಳುವ ಮಳೆಗಾಗಿ ಮಾಡಿದ್ದು. ಹೊಂಡದಲ್ಲಿ ನೀರು ಬೆನ್ನಿನ ಕಡೆಯಿಂದ ನುಗ್ಗುತ್ತದೆ. ನುಗ್ಗಿದ್ದನ್ನು ಕವರ್ ಬಾನಿಯಂತೆ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ರಕ್ಷಣೆ ಸ್ಯಾಕಿನ ಒಳಗಿರಬೇಕು. ಸಕ್ಕರೆ ಮೂಟೆಯೊಳಗೆ ಬರುವಂಥ ದಪ್ಪ ಪ್ಲಾಸ್ಟಿಕ್ ಚೀಲವನ್ನು ಕಿರಾಣಿ ಅಂಗಡಿಯಲ್ಲಿ ಕೇಳಿ ಪಡೆದು, ಸ್ಯಾಕಿನ ತಳದವರೆಗೆ ಇಳಿಸಿ, ಅದರೊಳಗೆ ಸಾಮಾನು ತುಂಬಿ, ಮೊಣಕಾಲಿನಿಂದ ಒತ್ತಿ ಗಾಳಿ ಹೊರಹಾಕಿ, ಬಾಯಿಯನ್ನು ಬಿಗಿಯಾಗಿ ತಿರುಚಿ, ತಿರುಚಿದ ಭಾಗವನ್ನು ಮಡಚಿ ರಬ್ಬರ್ ಬ್ಯಾಂಡ್ ಹಾಕಬೇಕು. ಬರೀ ಗಂಟು ಹಾಕಿದರೆ ನೀರು ಒಸರುತ್ತದೆ. ಕಸದ ಡಬ್ಬಿಗೆ ಹಾಕುವ ತೆಳು ಕಪ್ಪು ಚೀಲವನ್ನು ನಂಬಬೇಡಿ, ಊಟದ ಡಬ್ಬಿಯ ಮೂಲೆ ತಾಗಿದರೂ ಅದು ಹರಿಯುತ್ತದೆ. ಮೊಬೈಲ್, ಪವರ್ ಬ್ಯಾಂಕ್, ಸ್ಲೀಪಿಂಗ್ ಬ್ಯಾಗ್‌ಗಳಿಗೆ ಇನ್ನೊಂದೊಂದು ಚೀಲ ಪ್ರತ್ಯೇಕವಾಗಿರಲಿ.

ತೂಕದ ಜೋಡಣೆಯಲ್ಲೂ ಕೋಟೆಯ ರೂಢಿ ಇಲ್ಲಿ ಸಲ್ಲದು. ಸ್ಲೀಪಿಂಗ್ ಬ್ಯಾಗ್ ತಳಕ್ಕೆ ಹೋಗಲಿ; ನೀರಿನ ಬಾಟಲಿಗಳು ಬೆನ್ನಿಗೆ ಅಂಟಿದಂತೆ ಸೊಂಟಕ್ಕಿಂತ ತುಸು ಮೇಲೆ ನಿಲ್ಲಲಿ. ಭಾರ ಹೆಗಲ ಮಟ್ಟದಲ್ಲಿದ್ದರೆ ಬಂಡೆ ಇಳಿಯಲು ಬಗ್ಗಿದಾಗ ಸ್ಯಾಕ್ ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಹೊಂಡದ ನೀರಿನಲ್ಲಿ ಎಲ್ಲರೂ ಕಾಲಿಟ್ಟಿರುತ್ತಾರೆ, ಅದನ್ನು ಕುಡಿಯುವ ಯೋಚನೆ ಬೇಡ. ಬೇಸಿಗೆಯಲ್ಲಿ ಒಬ್ಬೊಬ್ಬರೂ 4 ಲೀಟರ್ ಹೊರಬೇಕು, ಅಂದರೆ ನೀರೊಂದೇ 4 ಕಿಲೋ. ಅದನ್ನು ಒಂದೇ ಕ್ಯಾನಿನಲ್ಲಿ ತುಂಬದೆ ಲೀಟರಿನ ಬಾಟಲಿಗಳಲ್ಲಿ ಹಂಚಿ. ಜೊತೆಗೆ ಓಆರ್‌ಎಸ್ ಪೊಟ್ಟಣಗಳಿರಲಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ.

ಹೊರಗಡೆ ಮ್ಯಾಟ್, ಲೋಟ, ಚಪ್ಪಲಿ ಯಾವುದನ್ನೂ ನೇತುಹಾಕಬೇಡಿ. ಇಕ್ಕಟ್ಟಿನಲ್ಲಿ ಅವು ಬಂಡೆಯ ಮೂಲೆಗೆ ಸಿಕ್ಕಿಕೊಂಡು, ಹಿಂದಿನವರ ಸಾಲು ನಿಲ್ಲುತ್ತದೆ. ಮ್ಯಾಟನ್ನು ಮಡಚಿ ಒಳಗೆ ಬೆನ್ನಿನ ಬದಿಗೆ ಇಟ್ಟರೆ ಬಾಟಲಿಗಳೂ ಒತ್ತುವುದಿಲ್ಲ.

ತಿನ್ನಲು ಖಡಕ್ ರೊಟ್ಟಿ, ಶೇಂಗಾ ಹಿಂಡಿಗಿಂತ (ಚಟ್ನಿಪುಡಿಗಿಂತ) ಒಳ್ಳೆಯದು ನನಗೆ ತಿಳಿದಿಲ್ಲ. ರೊಟ್ಟಿಯನ್ನು ಮೊದಲೇ ಮುರಿದು ಸ್ಟೀಲ್ ಡಬ್ಬಿಗೆ ತುಂಬಿ. ತಲೆಗೆ ಕಟ್ಟುವ ಟಾರ್ಚ್ ಮೇಲಿನ ಜೇಬಿನಲ್ಲಿರಲಿ. ಇಳಿಯುವ ಹಗ್ಗ, ಸೊಂಟಕ್ಕೆ ಕಟ್ಟುವ ಹಾರ್ನೆಸ್, ಹೆಲ್ಮೆಟ್‌ಗಳನ್ನು ಅನುಭವಿ ತಂಡವೇ ತರಬೇಕು. ಬಟ್ಟೆ ಒಣಹಾಕುವ ನೈಲಾನ್ ಹಗ್ಗವನ್ನು ಖರ್ಚು ಉಳಿಸಲೆಂದು ತಂದವರಿದ್ದರೆ, ಅದನ್ನು ಬಸ್ಸಿನಲ್ಲೇ ಬಿಡಿಸಿ.