ಎರಡು ಲಿಪಿಯ ಊರಿನಲ್ಲಿ ಅಂಗಡಿಗೊಂದು ಲೋಗೋ ಮಾಡುವುದು ಹೇಗೆ?

ಕನ್ನಡವೂ ಮಲಯಾಳವೂ ನಡೆಯುವ ಕೇರಳದ ಗಡಿನಾಡಿನಲ್ಲಿ ಮಂಜೇಶ್ವರದಿಂದ ಕಾಸರಗೋಡಿನವರೆಗೆ ಬಸ್ಸಿನಲ್ಲಿ ಕುಳಿತು ಅಂಗಡಿಗಳ ಫಲಕಗಳನ್ನು ಓದುತ್ತ ಹೋದರೆ ನಮ್ಮಲ್ಲಿ ವಿನ್ಯಾಸದ ಕೆಲಸ ಎಲ್ಲಿ ಕೆಡುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಇಂಗ್ಲಿಷ್ ಹೆಸರಿಗೆ ಅಕ್ಷರ ಆರಿಸಲು ಯಾರೋ ಶ್ರಮ ವಹಿಸಿರುತ್ತಾರೆ, ಮಲಯಾಳಕ್ಕೆ ಅದರ ಅರ್ಧದಷ್ಟು ಗಮನ ಸಂದಿರುತ್ತದೆ, ಕನ್ನಡವನ್ನು ಮಾತ್ರ ಉಳಿದ ಜಾಗದಲ್ಲಿ ಹಿಂಡಿ ತುಂಬಿಸಿರುತ್ತಾರೆ. ಒತ್ತಕ್ಷರ ಒಂದು ಕಡೆ, ಅರ್ಕಾವತ್ತು ಇನ್ನೊಂದು ಕಡೆ. ಮಂಗಳೂರಿನಲ್ಲಿ ಕಲಿತು ಬಂದು ಮನೆಯಲ್ಲೇ ಕುಳಿತು ಫ್ರೀಲ್ಯಾನ್ಸ್ ಗ್ರಾಫಿಕ್ ಡಿಸೈನ್ ಮಾಡುವ ತರುಣ ತರುಣಿಯರು ಈಗ ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯಗಳಲ್ಲೆಲ್ಲ ಇದ್ದಾರೆ. ಅವರಿಗೂ ಅವರಿಗೆ ಕೆಲಸ ಒಪ್ಪಿಸುವ ಅಂಗಡಿಯವರಿಗೂ ಪ್ರಯೋಜನವಾಗಲೆಂದು, ಅದೇ ಕಸುಬಿನಿಂದ ಹೊಟ್ಟೆ ಹೊರೆಯುವ ನಾನು ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಹಂತ 1: ಮಾತು ಮತ್ತು ಮುಂಗಡ

ಗಿರಾಕಿ ಯಾರು, ಹೆಸರು ಎಲ್ಲೆಲ್ಲಿ ಕಾಣಬೇಕು, ಯಾವ ಯಾವ ಲಿಪಿಗಳಲ್ಲಿ ಬೇಕು ಎಂಬ ಮೂರು ಸಂಗತಿಗಳನ್ನು ಕೇಳಿ ಬರೆದುಕೊಳ್ಳಬೇಕು. ಎಷ್ಟು ಕರಡು, ಎಷ್ಟು ಸಲ ತಿದ್ದುಪಡಿ, ಎಂದು ಒಪ್ಪಿಸುವುದು, ಎಷ್ಟು ಹಣ ಎಂಬುದನ್ನು ಒಂದು ಪುಟದಲ್ಲಿ ಬರೆದು ಅರ್ಧ ಮೊತ್ತವನ್ನು ಮುಂಗಡವಾಗಿ ಪಡೆಯಬೇಕು. ಎರಡಕ್ಕಿಂತ ಹೆಚ್ಚು ಕರಡು ತೋರಿಸಬಾರದು. ಐದು ತೋರಿಸಿದರೆ ಒಂದರ ಅಕ್ಷರ, ಇನ್ನೊಂದರ ಬಣ್ಣ, ಮತ್ತೊಂದರ ಚಿತ್ರ ಸೇರಿಸಿ ಆರನೆಯದೊಂದನ್ನು ಕೇಳುತ್ತಾರೆ. ಪರಿಚಯದವರೆಂಬ ಕಾರಣಕ್ಕೆ ಮುಂಗಡ ಬಿಡುವುದೂ ಸಲ್ಲದು. ಈ ಊರಿನಲ್ಲಿ ಎಲ್ಲರೂ ಪರಿಚಯದವರೇ. ಡಿಸೆಂಬರಿನಿಂದ ಮೇ ತನಕ ಜಾತ್ರೆ, ಬ್ರಹ್ಮಕಲಶ, ಮದುವೆಗಳ ಆಮಂತ್ರಣ ಪತ್ರಿಕೆಗಳೇ ದಿನವನ್ನೆಲ್ಲ ನುಂಗುವುದರಿಂದ, ನಿಧಾನವಾಗಿ ಯೋಚಿಸಬೇಕಾದ ಲೋಗೋ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಆಗ ಕರೆಂಟು ಕೈಕೊಡುತ್ತದೆ ಎಂಬುದು ನಿಜ. ಆದರೆ ಮೊದಲ ಅರ್ಧ ಕೆಲಸ ಹೇಗೂ ಕಾಗದದ ಮೇಲೆಯೇ ನಡೆಯತಕ್ಕದ್ದು.

ಹಂತ 2: ಹೆಸರಿನ ಪರಿಶೀಲನೆ

ಟ್ರೇಡ್ ಮಾರ್ಕ್ ನೋಂದಣಿ ಇಲಾಖೆಯ ಜಾಲತಾಣದಲ್ಲಿ ಹೆಸರನ್ನು ಹುಡುಕಿ ನೋಡುವುದಕ್ಕೆ ಶುಲ್ಕವಿಲ್ಲ. ಸರಕು ಮತ್ತು ಸೇವೆಗಳನ್ನು ಅಲ್ಲಿ 45 ವರ್ಗಗಳಾಗಿ ವಿಂಗಡಿಸಿದ್ದಾರೆ: ಅಡುಗೆಯ ತೆಂಗಿನೆಣ್ಣೆ 29ರಲ್ಲಿ, ಬೇಕರಿ ತಿಂಡಿ 30ರಲ್ಲಿ, ಸಿದ್ಧ ಉಡುಪು 25ರಲ್ಲಿ, ಹೋಟೆಲು 43ರಲ್ಲಿ ಬರುತ್ತವೆ. ‘ಶುದ್ಧ ತೆಂಗಿನೆಣ್ಣೆ’ ಎಂಬಂತಹ ಬರಿಯ ವರ್ಣನೆಯ ಹೆಸರು ನೋಂದಣಿಯಾಗುವುದು ಕಷ್ಟ. ದೇವರ ಹೆಸರು ಹತ್ತು ಅಂಗಡಿಗಳಿಗೆ ಇರುವುದರಿಂದ ಅದರ ಮೇಲೆ ಒಬ್ಬರ ಹಕ್ಕು ಗಟ್ಟಿಯಾಗಿ ನಿಲ್ಲದು. ನೋಂದಣಿ 10 ವರ್ಷಕ್ಕೆ ಸಲ್ಲುತ್ತದೆ, ಬಳಿಕ ನವೀಕರಿಸಬಹುದು. ಹೆಸರಿನ ಪಕ್ಕದಲ್ಲಿ ‘ಟಿಎಂ’ ಎಂದು ಯಾರೂ ಹಾಕಿಕೊಳ್ಳಬಹುದಾದರೂ ವೃತ್ತದೊಳಗಿನ ‘ಆರ್’ ಗುರುತನ್ನು ನೋಂದಣಿಯಾಗುವ ಮೊದಲು ಬಳಸುವುದು ಅಪರಾಧ. ಚೆಂದ ಕಾಣುತ್ತದೆಂದು ಅದನ್ನು ಸೇರಿಸಿಕೊಡುವ ವಿನ್ಯಾಸಕರನ್ನು ನೋಡಿದ್ದೇನೆ.

ಹಂತ 3: ಕಾಗುಣಿತದ ನಿರ್ಧಾರ

ಊರಿನ ಹೆಸರು ಸೇರಿದಂತೆ ಫಲಕದ ಪ್ರತಿಯೊಂದು ಪದವನ್ನೂ ಎರಡೂ ಲಿಪಿಗಳಲ್ಲಿ ಬರೆದು ಮಾಲೀಕರ ಸಹಿ ಪಡೆಯಿರಿ. ಕನ್ನಡದ ಮಂಜೇಶ್ವರ ಮಲಯಾಳದಲ್ಲಿ ಮಂಜೇಶ್ವರಂ ಆಗುತ್ತದೆ, ಕುಂಬಳೆ ಕುಂಬಳ ಆಗುತ್ತದೆ. ಮಲಯಾಳವನ್ನು ಮಲಯಾಳ ಮಾಧ್ಯಮದಲ್ಲಿ ಓದಿದವರಿಗೇ ತೋರಿಸಬೇಕು, ಮಾತು ಬಲ್ಲವರಿಗೆ ತೋರಿಸಿದರೆ ಸಾಲದು.

ಹಂತ 4: ಅಕ್ಷರ ಕೂಡಿಸುವುದು

ಹೆಚ್ಚಿನವರು ಎಡವುವುದು ಇಲ್ಲಿ. ‘ಶ್ರೀ ದುರ್ಗಾ ಸ್ಟೋರ್ಸ್’ ಎಂಬ ಸಾಧಾರಣ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲ ಅಕ್ಷರದ ಕೆಳಗೆ ರ-ಒತ್ತು, ಬಲಕ್ಕೆ ದೀರ್ಘ, ‘ದು’ವಿಗೆ ಕೊಂಬು, ‘ರ್ಗಾ’ದಲ್ಲಿ ಅರ್ಕಾವತ್ತು, ‘ಸ್ಟೋ’ದ ಕೆಳಗೆ ಟ-ಒತ್ತು, ಮೇಲೆ ಓತ್ವ, ಕೊನೆಯಲ್ಲಿ ಮತ್ತೊಂದು ಅರ್ಕಾವತ್ತು. ಚಿಹ್ನೆಯಿಲ್ಲದ ಬರಿಯ ಅಕ್ಷರ ಒಂದೂ ಇಲ್ಲ. ಇದನ್ನು ಇಂಗ್ಲಿಷ್ ಹೆಸರಿನಂತೆ ಒಂದು ಪಟ್ಟಿಯೊಳಗೆ ಕೂರಿಸಲು ಹೊರಟರೆ ಏನಾದರೊಂದು ತುಂಡಾಗಲೇಬೇಕು.

ಮೊದಲು ತಂತ್ರಾಂಶದ ವಿಷಯ. ನುಡಿ, ಬರಹ ಅಥವಾ ಶ್ರೀಲಿಪಿಯಂತಹ ಬೆರಳಚ್ಚು ತಂತ್ರಾಂಶಗಳ ಹಳೆಯ ಸಂಕೇತಪದ್ಧತಿಯಲ್ಲಿ, ಅಂದರೆ ಎನ್‌ಕೋಡಿಂಗಿನಲ್ಲಿ ಬೆರಳಚ್ಚು ಮಾಡಿದ ಹೆಸರು ಫಾಂಟ್ ಬದಲಾಯಿಸಿದ ಕೂಡಲೇ ಅರ್ಥವಿಲ್ಲದ ಗುರುತುಗಳಾಗಿ ಬಿಡುತ್ತದೆ. ಆದ್ದರಿಂದ ಎಲ್ಲ ಫಾಂಟುಗಳಿಗೂ ಒಂದೇ ಸಂಕೇತವಿರುವ ಯುನಿಕೋಡಿನಲ್ಲಿಯೇ ಬೆರಳಚ್ಚು ಮಾಡಬೇಕು. ವಿನ್ಯಾಸದ ತಂತ್ರಾಂಶವಾದ ಇಲಸ್ಟ್ರೇಟರಿನಲ್ಲಿ ಒತ್ತಕ್ಷರ ಬಿಡಿಯಾಗಿ ಕಂಡರೆ ಅದು ಫಾಂಟಿನ ದೋಷವಲ್ಲ. ಪ್ರಿಫರೆನ್ಸಿನ ಟೈಪ್ ವಿಭಾಗದಲ್ಲಿ ಭಾರತೀಯ ಭಾಷೆಗಳ ಆಯ್ಕೆಯನ್ನು ತೆರೆದು, ಪ್ಯಾರಾಗ್ರಾಫ್ ಪ್ಯಾನೆಲಿನ ಮೆನುವಿನಲ್ಲಿ ಸೌತ್ ಏಷ್ಯನ್ ಕಂಪೋಸರ್ ಎಂಬುದನ್ನು ಆರಿಸಿದರೆ ಸರಿಯಾಗುತ್ತದೆ. ಹಣ ಕೊಡದೆ ಸಿಗುವ ಇಂಕ್‌ಸ್ಕೇಪಿನಲ್ಲಿ ಈ ತೊಡಕೇ ಇಲ್ಲ. ‘ಟೆಕ್ಸ್‌ಟೈಲ್ಸ್’ ಎಂಬಂತಹ ಪದಗಳಲ್ಲಿ ಅನಗತ್ಯ ಒತ್ತು ಮೂಡದಂತೆ ಅರ್ಧಾಕ್ಷರದ ಬಳಿಕ ಕಣ್ಣಿಗೆ ಕಾಣದ ಒಂದು ವಿಭಾಜಕವನ್ನು, ಅಂದರೆ ಜಡ್‌ಡಬ್ಲ್ಯುಎನ್‌ಜೆಯನ್ನು ಸೇರಿಸಬೇಕು. ಅದನ್ನು ಬಿಟ್ಟು ಬರೆದ ಫಲಕಗಳು ನಮ್ಮ ಪೇಟೆಗಳಲ್ಲಿ ಬೇಕಾದಷ್ಟಿವೆ.

ಇನ್ನು ಫಾಂಟಿನ ಆಯ್ಕೆ. ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ದಾಟುವ ‘ಸಾವಿರ ಕನ್ನಡ ಫಾಂಟುಗಳ’ ಗಂಟನ್ನು ಮುಟ್ಟಬಾರದು. ಅದರಲ್ಲಿ ಪರವಾನಗಿಯಿಲ್ಲದ್ದು ಎಷ್ಟೋ, ಅಪೂರ್ಣವಾದದ್ದು ಎಷ್ಟೋ. ಎರಡು ಲಿಪಿಗಳು ಜೊತೆಯಾಗಿ ಬರುವ ಕಡೆ ನಾನು ಶಿಫಾರಸು ಮಾಡುವುದು ಅನೇಕ್ ಎಂಬ ಫಾಂಟ್ ಕುಟುಂಬವನ್ನು. ಎಕ್ ಟೈಪ್ ಸಂಸ್ಥೆ ರೂಪಿಸಿದ ಇದರಲ್ಲಿ ಕನ್ನಡ, ಮಲಯಾಳ, ರೋಮನ್ ಸೇರಿ 10 ಲಿಪಿಗಳು ಒಂದೇ ಮೈಕಟ್ಟಿನಲ್ಲಿವೆ, ವಾಣಿಜ್ಯ ಬಳಕೆಗೂ ಮುಕ್ತವಾಗಿವೆ, ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹೊಂದಿಸಿಕೊಳ್ಳಬಹುದು. ದುಂಡಗೆ, ಸಲಿಗೆಯಾಗಿ ಕಾಣಬೇಕಾದರೆ ಅದೇ ಸಂಸ್ಥೆಯ ಬಲೂ ತಮ್ಮ ಕನ್ನಡಕ್ಕೂ ಬಲೂ ಚೇಟ್ಟನ್ ಮಲಯಾಳಕ್ಕೂ ಒದಗುತ್ತವೆ. ವಿಂಡೋಸಿನ ತುಂಗಾ ಅಕ್ಷರದಲ್ಲಿ ಲೋಗೋ ಮಾಡುವುದನ್ನು ದಯವಿಟ್ಟು ನಿಲ್ಲಿಸಬೇಕು.

ಒಂದೇ ಕುಟುಂಬದ ಫಾಂಟ್ ಆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕನ್ನಡ ಮೇಲಕ್ಕೂ ಕೆಳಕ್ಕೂ ಬೆಳೆಯುವ ಲಿಪಿ. ಮಲಯಾಳದ ಎಷ್ಟೋ ಸ್ವರಚಿಹ್ನೆಗಳು ಅಕ್ಷರದ ಎಡಬಲಗಳಲ್ಲಿ ಕೂರುವುದರಿಂದ ಅದು ಅಡ್ಡಕ್ಕೆ ಬೆಳೆಯುತ್ತದೆ, 1971ರ ಲಿಪಿ ಸುಧಾರಣೆಯಲ್ಲಿ ಉಕಾರದ ಚಿಹ್ನೆಗಳನ್ನು ಬಿಡಿಸಿ ಬರೆಯತೊಡಗಿದ ಮೇಲೆ ಇನ್ನಷ್ಟು ಅಗಲವಾಗಿದೆ. ಆದ್ದರಿಂದ ಎರಡನ್ನೂ ಒಂದೇ ಪಾಯಿಂಟ್ ಸಂಖ್ಯೆಗೆ ಇಟ್ಟು ಕೈತೊಳೆದುಕೊಳ್ಳುವಂತಿಲ್ಲ. ಕನ್ನಡದ ‘ರ’ ಅಕ್ಷರದ ಎತ್ತರವನ್ನೂ ಮಲಯಾಳದ ‘ರ’ ಅಕ್ಷರದ ಎತ್ತರವನ್ನೂ ಅಡ್ಡಗೆರೆ ಎಳೆದು ಸರಿಗಟ್ಟಿಸಿ, ಅಳತೆಯ ಸಂಖ್ಯೆ ಎಷ್ಟು ಬಂದರೂ ಬರಲಿ ಎಂದು ಬಿಡಬೇಕು. ಬಳಿಕ ಎರಡೂ ಹೆಸರುಗಳನ್ನು ಎ4 ಕಾಗದದಲ್ಲಿ ಕಪ್ಪು ಬಣ್ಣದಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿ, ಕೋಣೆಯ ಇನ್ನೊಂದು ತುದಿಯಲ್ಲಿ ನಿಂತು ಕಣ್ಣನ್ನು ಅರೆಮುಚ್ಚಿ ನೋಡಬೇಕು. ಅಕ್ಷರಗಳು ಕಲಸಿಹೋಗಿ ಎರಡು ಬೂದು ಪಟ್ಟಿಗಳಷ್ಟೇ ಕಾಣುತ್ತವೆ. ಒಂದು ಇನ್ನೊಂದಕ್ಕಿಂತ ತೆಳುವಾಗಿ ಕಂಡರೆ ಅದರ ದಪ್ಪವನ್ನು ಸ್ವಲ್ಪ ಏರಿಸಿ ಮತ್ತೆ ಮುದ್ರಿಸಬೇಕು. ಪರದೆಯ ಮೇಲೆ ಇದು ಗೊತ್ತಾಗುವುದಿಲ್ಲ.

ಕನ್ನಡದ ಕೆಳಗೆ ಮಲಯಾಳ ಬರುವುದಾದರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಜಾಗ ಉಳಿಸಲು ಒತ್ತನ್ನು ಕುಗ್ಗಿಸುವುದು ಎಲ್ಲರೂ ಹಿಡಿಯುವ ಅಡ್ಡದಾರಿ. ಕುಗ್ಗಿಸಿದಾಗ ಅದರ ಗೆರೆಯೂ ಸಣ್ಣದಾಗಿ, ದಪ್ಪ ‘ಸೋ’ದ ಕೆಳಗೆ ಬಡಕಲು ‘ಟ’ ನೇತಾಡುತ್ತದೆ. ಒತ್ತು ಚಿಕ್ಕದಾಗಲೇಬೇಕಿದ್ದರೆ ಅಕ್ಷರವನ್ನು ಕರ್ವ್ ಮಾಡಿಕೊಂಡು, ಅಂದರೆ ಬೆರಳಚ್ಚನ್ನು ಬರಿಯ ರೇಖಾಚಿತ್ರವಾಗಿ ಬದಲಾಯಿಸಿ, ಮೂಲಾಕ್ಷರದ ಗೆರೆಯ ದಪ್ಪವನ್ನೇ ಉಳಿಸಿ ಹೊಸದಾಗಿ ಬರೆಯಬೇಕು. ಅಷ್ಟು ಮಾಡಲು ಪುರುಸೊತ್ತಿಲ್ಲದಿದ್ದರೆ ಸಾಲುಗಳ ನಡುವೆ ಒತ್ತಿನ ಪೂರ್ತಿ ಎತ್ತರದಷ್ಟು ಅಂತರ ಬಿಡಬೇಕು. ಅಕ್ಷರಗಳ ನಡುವಿನ ಅಂತರವನ್ನು ಒಟ್ಟಿಗೆ ಹಿಗ್ಗಿಸುವ ಇಂಗ್ಲಿಷ್ ಷೋಕಿಯೂ ಕನ್ನಡಕ್ಕೆ ಒಗ್ಗದು. ಹಾಗೆ ಹಿಗ್ಗಿಸಿದರೆ ದೀರ್ಘವೂ ಅರ್ಕಾವತ್ತೂ ತಮ್ಮ ಅಕ್ಷರವನ್ನು ಬಿಟ್ಟು ದೂರ ಸರಿಯುತ್ತವೆ, ‘ಶ್ರೀ’ಯ ದೀರ್ಘ ‘ದು’ವಿನ ಆಸ್ತಿಯಂತೆ ಕಾಣುತ್ತದೆ.

ಕೊನೆಯದಾಗಿ ಮಹಾಪ್ರಾಣದ ಪರೀಕ್ಷೆ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು; ‘ರ’ಕ್ಕೂ ‘ಠ’ಕ್ಕೂ ಒಳಗಿನ ಒಂದು ಚುಕ್ಕೆ. ಹೆಸರನ್ನು ರಬ್ಬರ್ ಸ್ಟ್ಯಾಂಪಿನ ಅಳತೆಗೆ, ಸುಮಾರು 2 ಸೆಂಟಿಮೀಟರ್ ಅಗಲಕ್ಕೆ ಇಳಿಸಿ ಮುದ್ರಿಸಿದಾಗಲೂ ಆ ಸೀಳು, ಆ ಚುಕ್ಕೆ ಉಳಿದಿರಬೇಕು. ಅಳಿಸಿಹೋದರೆ ಸಣ್ಣ ಅಳತೆಗೆಂದು ಪ್ರತ್ಯೇಕ ರೂಪವೊಂದನ್ನು ಬಿಡಿಸಿಡಬೇಕು.

ಚಿತ್ರದ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ: ತೆಂಗಿನ ಮರ, ದೀಪ, ಯಕ್ಷಗಾನದ ಕಿರೀಟ ಬೇಡ. ಅಕ್ಷರ ಚೆನ್ನಾಗಿದ್ದರೆ ಚಿತ್ರದ ಅಗತ್ಯವೇ ಬಾರದು. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿಂದ ಕ್ಷಣದಲ್ಲಿ ಲೋಗೋ ಪಡೆಯುವವರು ಅದರೊಳಗಿನ ಕನ್ನಡವನ್ನು ಅಕ್ಷರ ಅಕ್ಷರವಾಗಿ ಓದಿ ನೋಡಬೇಕು. ಎಷ್ಟೋ ಸಲ ಅಲ್ಲಿರುವುದು ಕನ್ನಡದಂತೆ ಕಾಣುವ ಸುರುಳಿಗಳು ಮಾತ್ರ. ಕ್ಯಾನ್ವಾ ಎಂಬ ವಿನ್ಯಾಸದ ಜಾಲತಾಣದ ಸಿದ್ಧ ಮಾದರಿಯನ್ನು ಇನ್ನು ನೂರು ಮಂದಿ ಬಳಸಬಹುದಾದ್ದರಿಂದ ಅದರ ಮೇಲೆ ನಿಮ್ಮ ಗಿರಾಕಿಗೆ ಯಾವ ಏಕಸ್ವಾಮ್ಯವೂ ಇರದು.

ಹಂತ 5: ಬಣ್ಣ

ಎರಡು ಬಣ್ಣ ಸಾಕು. ಮೊದಲು ಕಪ್ಪು ಬಿಳುಪಿನಲ್ಲಿ ಒಪ್ಪಿಗೆ ಪಡೆದು ಆಮೇಲೆ ಬಣ್ಣಕ್ಕೆ ಹೋಗಬೇಕು. ನಮ್ಮ ಜಿಲ್ಲೆಯಲ್ಲಿ ಹಸಿರು, ಕೆಂಪು, ಕೇಸರಿಗಳನ್ನು ಜನ ಮೊದಲು ಪಕ್ಷದ ಬಣ್ಣವಾಗಿ ಓದುತ್ತಾರೆ ಎಂಬುದನ್ನು ಹೊರಗಿನ ಏಜೆನ್ಸಿಗಳು ಅರಿಯವು. ಆ ಬಣ್ಣ ಬೇಕೇಬೇಕು ಎಂದಾದರೆ ಅಚ್ಚ ಛಾಯೆಯನ್ನು ಬಿಟ್ಟು ಗಾಢವಾದದ್ದನ್ನೋ ಮಾಸಲಾದದ್ದನ್ನೋ ಆರಿಸಬೇಕು. ಪರದೆಯ ಮೇಲೆ ಹೊಳೆಯುವ ಗಿಳಿಹಸಿರು ನಾಲ್ಕು ಬಣ್ಣಗಳ ಮುದ್ರಣದಲ್ಲಿ ಮಂಕಾಗುತ್ತದೆ. ಚಿನ್ನದ ಬಣ್ಣದ ಉಬ್ಬಕ್ಷರಗಳನ್ನು ಕೇಳುವ ಗಿರಾಕಿಗೆ, ಅದು ಬಿಲ್ ಪುಸ್ತಕದಲ್ಲಿ ಕೊಳೆಯಂತೆ ಕಾಣುತ್ತದೆಂದು ಮುದ್ರಿಸಿಯೇ ತೋರಿಸಬೇಕು.

ಹಂತ 6: ಕಡತ ಒಪ್ಪಿಸುವುದು

ರಾಜ್ಯದ ಗಡಿಯಾದ ತಲಪಾಡಿಯ ಆಚೆಗಿನ ಮಂಗಳೂರಿನ ಪ್ರೆಸ್ಸೇ ಇರಲಿ, ಕಾಸರಗೋಡಿನದೇ ಇರಲಿ, ಅಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ. ಅಕ್ಷರಗಳನ್ನೆಲ್ಲ ಕರ್ವ್ ಮಾಡಿ ಪಿಡಿಎಫ್ ಕಳುಹಿಸಬೇಕು, ಬೆರಳಚ್ಚಾಗಿಯೇ ಉಳಿದ ಮೂಲ ಕಡತವನ್ನು ನಿಮ್ಮಲ್ಲಿ ಇಟ್ಟುಕೊಳ್ಳಬೇಕು. ಸುತ್ತ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸುವ ಅಂಚಿನ ಆಚೆಗೂ ಬಣ್ಣ ಚಾಚುವ ಜಾಗ ಬಿಡಬೇಕು, ಸಣ್ಣ ಬರಹಕ್ಕೆ ಬರಿಯ ಕಪ್ಪು ಶಾಯಿಯೊಂದನ್ನೇ ಬಳಸಬೇಕು. ವಾಟ್ಸ್‌ಆಪಿನಲ್ಲಿ ಚಿತ್ರವಾಗಿ ಕಳುಹಿಸಿದ ಲೋಗೋ ಕುಗ್ಗಿ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಹಾಗಾಗದು. ಅಂತಹ ಮಸುಕು ಚಿತ್ರವನ್ನು ಕೋರೆಲ್‌ಡ್ರಾದಲ್ಲಿ ಟ್ರೇಸ್ ಮಾಡಿ ಫಲಕಕ್ಕೆ ಹಾಕಿದ್ದರಿಂದಲೇ ಪೇಟೆಯ ಅರ್ಧದಷ್ಟು ಅಕ್ಷರಗಳ ಅಂಚು ಇಲಿ ಕಡಿದಂತಿರುವುದು.

ಆಹಾರದ ಪೊಟ್ಟಣವಾದರೆ ಕಾನೂನು ಕೇಳುವ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು, ಕನ್ನಡ ಮಲಯಾಳಗಳನ್ನು ಹೆಚ್ಚುವರಿಯಾಗಿ ಸೇರಿಸಬಹುದು. ಆಹಾರ ಪರವಾನಗಿಯ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆಗೆ ಮೊದಲೇ ಜಾಗ ಬಿಡಿ.

ಹಂತ 7: ಬಿಲ್ಲು ಮತ್ತು ಹಕ್ಕು

1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಸ್ವತಂತ್ರ ವಿನ್ಯಾಸಕರು ರಚಿಸಿದ ಲೋಗೋದ ಹಕ್ಕು ಸಾಮಾನ್ಯವಾಗಿ ಅವರಲ್ಲಿಯೇ ಇರುತ್ತದೆ. ಅಂಗಡಿಯವರಿಗೆ ಅದು ದಾಟಬೇಕಾದರೆ ಬರಹದ ಒಪ್ಪಂದ ಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ದರೆ 5 ವರ್ಷವೆಂದೂ ಪ್ರದೇಶ ಹೇಳದಿದ್ದರೆ ಭಾರತ ಮಾತ್ರವೆಂದೂ ಕಾಯ್ದೆ ಎಣಿಸುತ್ತದೆ. ದುಬೈಯಲ್ಲೊಂದು ಶಾಖೆ ತೆರೆಯುವ ಕನಸಿರುವ ಕಾಸರಗೋಡಿನ ವ್ಯಾಪಾರಿ ಈ ಎರಡನೆಯ ಮಾತನ್ನು ಗಮನಿಸಿ ಓದಬೇಕು. ವಿನ್ಯಾಸಕರು ಪೂರ್ತಿ ಹಣ ಕೈಸೇರಿದ ಬಳಿಕವೇ ಹಕ್ಕು ವರ್ಗವಾಗುವುದೆಂದು ಬರೆಸಿಕೊಳ್ಳಬೇಕು.

ಮಂಗಳೂರಿನ ಗಿರಾಕಿಗೆ ಬಿಲ್ಲು ಬರೆದರೆ ಅದು ಹೊರರಾಜ್ಯದ ಸೇವೆಯೆನಿಸುತ್ತದೆ. ಆದರೂ ವರ್ಷದ ಒಟ್ಟು ವಹಿವಾಟು 20 ಲಕ್ಷ ರೂಪಾಯಿ ಮೀರದಿದ್ದರೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿಯನ್ನಂತೂ ಮಾಡಿಸಿಕೊಳ್ಳಲೇಬೇಕು, ಅದಕ್ಕೆ ಖರ್ಚಿಲ್ಲ. 2006ರ ಸಣ್ಣ ಉದ್ಯಮಗಳ ಕಾಯ್ದೆಯಂತೆ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ, ಇದ್ದರೂ 45 ದಿನ ಮೀರದಂತೆ, ಖರೀದಿದಾರರು ನೋಂದಾಯಿತ ಕಿರು ಉದ್ಯಮಕ್ಕೆ ಹಣ ಕೊಡಬೇಕಾಗುತ್ತದೆ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈ ಸಾಲನ್ನು ಬಿಲ್ಲಿನ ಅಡಿಯಲ್ಲಿ ಅಚ್ಚು ಹಾಕಿಸಿದರೆ ‘ನಾಳೆ ಜೀಪೇ ಮಾಡುತ್ತೇನೆ’ ಎನ್ನುವವರ ಸಂಖ್ಯೆ ಕಡಿಮೆಯಾಗುತ್ತದೆ.

ಹಂತ 8: ಫಲಕ

ಪಿವಿಸಿ ಫ್ಲೆಕ್ಸನ್ನು ಕೇರಳ ಸರಕಾರ 2019ರಲ್ಲಿ ನಿಷೇಧಿಸಿತು. ಅದರ ಬದಲು ಬಳಸುವ ಬಟ್ಟೆಯ ಮೇಲಿನ ಮುದ್ರಣದಲ್ಲಿ ಬಣ್ಣ ಹೀರಿಹೋಗುವುದರಿಂದ ಸಪುರ ಗೆರೆಗಳನ್ನು ನೆಚ್ಚಬಾರದು. ಅಕ್ಷರದ ಎತ್ತರಕ್ಕೆ ಲೆಕ್ಕ ಸರಳವಾಗಿದೆ: 10 ಅಡಿ ದೂರಕ್ಕೆ 1 ಇಂಚು. ಕನ್ನಡದಲ್ಲಿ ಆ ಇಂಚನ್ನು ಮೂಲಾಕ್ಷರದ ಮೈಗೆ ಅಳೆಯಬೇಕು, ಒತ್ತನ್ನೂ ಸೇರಿಸಿ ಅಳೆದರೆ ಹೆಸರು ಚಿಕ್ಕದಾಗುತ್ತದೆ. ಎಸಿಪಿ ಎಂಬ ಅಲ್ಯೂಮಿನಿಯಂ ಹೊದಿಕೆಯ ಶೀಟಿನ ಮೇಲೆ ಬಿಡಿ ಅಕ್ರಿಲಿಕ್ ಅಕ್ಷರಗಳನ್ನು ಕೂರಿಸುವುದಾದರೆ ಒತ್ತು, ದೀರ್ಘ, ಅರ್ಕಾವತ್ತುಗಳು ಪ್ರತ್ಯೇಕ ತುಂಡುಗಳಾಗಿ ಕತ್ತರಿಸಿ ಬರುತ್ತವೆ, ಬರಿಯ ಅಂಟಿನಲ್ಲಿ ನಿಲ್ಲಿಸಿದರೆ ಎರಡನೆಯ ಮಳೆಗಾಲದೊಳಗೆ ಕಳಚುತ್ತವೆ. ಸಾಧ್ಯವಿದ್ದಲ್ಲಿ ಅವು ಮೂಲಾಕ್ಷರಕ್ಕೆ ಕೂಡಿಕೊಂಡಿರುವಂತೆಯೇ ವಿನ್ಯಾಸ ಮಾಡಬೇಕು. ಸಾಧ್ಯವಿಲ್ಲದಲ್ಲಿ ಪ್ರತಿ ತುಂಡಿಗೂ ಎರಡೆರಡು ಪಿನ್ ಎಂದು ಫಲಕ ಮಾಡುವವರಿಗೆ ಕೊಡುವ ನಕ್ಷೆಯಲ್ಲಿಯೇ ಗುರುತು ಹಾಕಿ, ಏಣಿ ಇಳಿಸುವ ಮೊದಲು ಒಂದೊಂದನ್ನೂ ಕೈಯಿಂದ ಅಲ್ಲಾಡಿಸಿ ನೋಡಬೇಕು.