ಕೊಲ್ಲಿಯ ತಿಳಿನೀರಿನಲ್ಲಿ ನನ್ನ ಈಜು

ಈಜಲೆಂದೇ ಕಡಲಿಗೆ ಹೋಗುವಾಗ ನಾನು ಆರಿಸಿಕೊಳ್ಳುವುದು ಎರಡೂ ಬದಿಗೆ ಗುಡ್ಡವೋ ಬಂಡೆಯೋ ಚಾಚಿಕೊಂಡಿರುವ ಕೊಲ್ಲಿಯನ್ನು. ಹೊರಗಡಲಿನ ಅಲೆ ಆ ಬಂಡೆಗಳನ್ನು ಬಳಸಿಕೊಂಡು ಒಳಗೆ ಹರಡುವಷ್ಟರಲ್ಲಿ ಅದರ ಬಲ ಬಹಳಷ್ಟು ಕುಗ್ಗಿರುತ್ತದೆ.

ಬೆಳಿಗ್ಗೆ ಬೇಗ ಹೋಗುತ್ತೇನೆ. ಬಿಸಿಲೇರಿ ನೆಲ ಕಾದ ಮೇಲೆ ಕಡಲಗಾಳಿ ಶುರುವಾಗಿ ನೀರು ಕಲಕುತ್ತದೆ. ಉಬ್ಬರ–ಇಳಿತದ ಸಮಯವನ್ನೂ ಮೊದಲೇ ನೋಡಿಕೊಂಡಿರುತ್ತೇನೆ. ಅದು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹಾಗಾಗಿ ನಿನ್ನೆಯ ಲೆಕ್ಕ ಇವತ್ತಿಗೆ ಬಾರದು. ಇಳಿತದ ಹೊತ್ತಿನಲ್ಲಿ ಕೊಲ್ಲಿಯ ಬಾಯಿ ಕಿರಿದಾಗಿದ್ದರೆ ಒಳಗಿನ ನೀರೆಲ್ಲ ಅಲ್ಲಿಂದಲೇ ಹೊರಗೆ ನುಗ್ಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಈ ಎಳೆತ ಇನ್ನೂ ಜೋರು. ಮೇಲೆ ಕನ್ನಡಿಯಂತಿದ್ದರೂ ಆ ಬಾಯಿಯ ಹತ್ತಿರ ನಾನು ಸುಳಿಯುವುದಿಲ್ಲ.

ನೀರಿಗಿಳಿಯುವ ಮುಂಚೆ ಸ್ವಲ್ಪ ಹೊತ್ತು ದಡದಲ್ಲಿ ಕೂತು ನೋಡುತ್ತೇನೆ. ಅಕ್ಕಪಕ್ಕದಲ್ಲಿ ಅಲೆ ಒಡೆಯುತ್ತಿದ್ದು, ನಡುವಿನ ಒಂದು ಪಟ್ಟಿ ಮಾತ್ರ ಕಪ್ಪಗೆ, ನೊರೆಯಿಲ್ಲದೆ ಕಂಡರೆ ಅದು ಹೊರಸೆಳೆತ ಇರಬಹುದು. ಅಂಥದ್ದಕ್ಕೆ ಸಿಕ್ಕಿದರೆ ದಡದತ್ತ ಗುದ್ದಾಡಿ ಸುಸ್ತಾಗಬಾರದು, ದಡಕ್ಕೆ ಸಮಾನಾಂತರವಾಗಿ ಈಜಿ ಪಟ್ಟಿಯಿಂದ ಹೊರಬಂದು ಆಮೇಲೆ ತಿರುಗಬೇಕು. ಲೈಫ್‌ಗಾರ್ಡ್ ಇದ್ದಲ್ಲಿ ಕೆಂಪು–ಹಳದಿ ಬಾವುಟಗಳ ನಡುವೆಯೇ ಇರುತ್ತೇನೆ.

ನನ್ನ ಈಜು ಆಳದತ್ತ ಅಲ್ಲ, ಅಡ್ಡಕ್ಕೆ. ಎದೆಮಟ್ಟದ ನೀರಿನಲ್ಲಿ ಕೊಲ್ಲಿಯ ಒಂದು ಬದಿಯಿಂದ ಇನ್ನೊಂದು ಬದಿಗೆ. ಬೇಕೆಂದಾಗ ಕಾಲೂರಬಹುದು ಎನ್ನುವ ಧೈರ್ಯವೇ ಮೈಯನ್ನು ಸಡಿಲಗೊಳಿಸುತ್ತದೆ. ದಣಿವಾದಾಗ ಅಂಗಾತ ತೇಲುವುದು ನನಗೆ ಎಲ್ಲಕ್ಕಿಂತ ಪ್ರಿಯ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲನೀರು ಸಿಹಿನೀರಿಗಿಂತ ಹೆಚ್ಚು ಎತ್ತಿ ಹಿಡಿಯುತ್ತದೆ. ಗದ್ದ ಮೇಲೆತ್ತಿ, ಕಿವಿ ನೀರಿಗೆ ಬಿಟ್ಟು, ಕೈ ಅಗಲಿಸಿದರೆ ಆಯಿತು. ಉಸಿರು ತುಂಬಿಕೊಂಡಾಗ ಎದೆ ಮೇಲೇರುತ್ತದೆ, ಬಿಟ್ಟಾಗ ಒಂದಿಷ್ಟು ಮುಳುಗುತ್ತದೆ. ಆ ಏರಿಳಿತದಲ್ಲೇ ಮನಸ್ಸು ಹಗುರಾಗುತ್ತದೆ. ಆದರೂ ಆಗಾಗ ತಲೆಯೆತ್ತಿ ದಡದ ಒಂದು ಗುರುತನ್ನು ನೋಡಿಕೊಳ್ಳುತ್ತೇನೆ, ಎಷ್ಟು ಜರುಗಿದ್ದೇನೆಂದು ತಿಳಿಯಲು.

ನೀರು ಮೈಶಾಖವನ್ನು ಗಾಳಿಗಿಂತ ಬಹಳ ಬೇಗ ಹೀರುತ್ತದೆ. ನಡುಕ ಶುರುವಾಯಿತೆಂದರೆ ಮೇಲೆ ಬಂದು ಒರೆಸಿಕೊಂಡು ಒಣಬಟ್ಟೆ ಹಾಕಿಕೊಳ್ಳುತ್ತೇನೆ. ಜೊತೆಗೆ ಮಕ್ಕಳಿದ್ದರೆ ಕೈಗೆಟಕುವಷ್ಟು ದೂರದಲ್ಲೇ ನಿಲ್ಲುತ್ತೇನೆ, ಮುಳುಗುವವರು ಹೆಚ್ಚಾಗಿ ಕೂಗುವುದೇ ಇಲ್ಲ. ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತಿದ್ದರೆ ರಬ್ಬರ್ ಟ್ಯೂಬು, ಗಾಳಿಹಾಸಿಗೆಗಳನ್ನು ನೀರಿಗಿಳಿಸಲು ಬಿಡುವುದೇ ಇಲ್ಲ.